ಇಂಡೋನೇಷ್ಯನ್ ಕಲಿಯಾಕ ನಡುವ ಇಂಗ್ಲಿಷ್ ಯಾಕ್ರಿ, ಕನ್ನಡ ಸಾಕು

ನಮ್ಮ ಅಣ್ಣ ಇಂಡೋನೇಷ್ಯಾದ ಸುರಬಾಯಾದಾಗ ಕೆಲಸಕ್ಕ ಹೋಗಿ ಅಲ್ಲಿಯವರನ್ನ ಲಗ್ನ ಆದ. ವೈನಿಗೆ ಇಂಗ್ಲಿಷ್ ಬರ್ತೈತಿ, ಅವರ ಅವ್ವಾರಿಗೆ ಬರೂದಿಲ್ಲ. ವಿಡಿಯೊ ಕಾಲ್‌ನಾಗ ಅವರು ನಗೂದು, ನಾನು ನಗೂದು, ಅಷ್ಟ ಆಗ್ತಿತ್ತು, ಬೀಗಿತ್ತಿ ಅಂದಮ್ಯಾಲೆ ಎರಡು ಮಾತು ಆಡಾಕ ಬರಲಿಲ್ಲಂದ್ರ ಮನಸಿಗೆ ಭಾಳ ಸಂಕಟ ಆಗ್ತೈತಿ. ಹಂಗ ಇಂಡೋನೇಷ್ಯನ್ ಕಲಿಯಾಕ ಶುರು ಮಾಡಿದ್ದು. ಈಗ ಧಾರವಾಡದಾಗ ರವಿವಾರ ಮುಂಜಾನೆ ಸಾಧನಕೇರಿ ದಂಡಿಮ್ಯಾಲೆ ಐದಾರು ಮಂದಿ ಕೂಡ್ತೀವಿ, ಒಬ್ಬರು ಬಾಲಿಗೆ ಹೊಂಟವರು, ಒಬ್ಬರು ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರದವರು, ಇಬ್ಬರು ಕಾಲೇಜ್ ಹುಡುಗರು. ಎಲ್ಲಾರೂ ಎಡವೂದು ಒಂದ ಕಡೆ. ಮೊದಲು ಇಂಗ್ಲಿಷ್‌ನಾಗ ವಾಕ್ಯ ಮಾಡ್ಕೊಂತಾರ, ಆಮ್ಯಾಲೆ ಅದನ್ನ ಇಂಡೋನೇಷ್ಯನ್‌ಗೆ ತಿರುವ್ತಾರ. ಎರಡು ಸಲ ತಿರುವಿದ ದ್ವಾಸಿ ಹರಿದು ಹೋಗ್ತೈತಿ. ನೇರ ಕನ್ನಡದಿಂದ ಹೋಗ್ರಿ ಅಂತ ಹೇಳಾಕ ಈ ಲೇಖನ.

ಹೆಜ್ಜಿ 1: ಯಾರ ಜೋಡಿ ಮಾತಾಡೋರು ಅನ್ನೋದು ಗೊತ್ತು ಮಾಡ್ಕೋರಿ

ಒಂದು ನೋಟ್‌ಬುಕ್ ತಗೊಂಡು ನಿಮ್ಮ ನಿನ್ನಿ ದಿನದಾಗ ನೀವು ಆಡಿದ ಇಪ್ಪತ್ತು ಮಾತು ಕನ್ನಡದಾಗ ಬರೀರಿ. "ಚಾ ಆತೇನು", "ಎಲ್ಲಿಗೆ ಹೊಂಟ್ರಿ", "ಇನ್ನೂ ಬಂದಿಲ್ಲ", "ಎಷ್ಟಕ್ಕ ಕೊಡ್ತೀರಿ", ಹಿಂಥಾವು. ಅದ ನಿಮ್ಮ ಪಠ್ಯಪುಸ್ತಕ. ಮೆಣಸಿನಕಾಯಿಯವರ ಇಪ್ಪತ್ತು ಬ್ಯಾರೆ, ನನ್ನ ಇಪ್ಪತ್ತು ಬ್ಯಾರೆ. ಮೂವತ್ತು ದಿನದಾಗ ಕಲಿಸ್ತೀವಿ ಅನ್ನೋ ಪುಸ್ತಕದಾಗ ಮೊದಲ ಪಾಠನ "ವಿಮಾನ ನಿಲ್ದಾಣ ಎಲ್ಲಿ ಐತಿ" ಅಂತ ಇರ್ತೈತಿ, ನಮ್ಮ ಗುಂಪಿನಾಗ ಒಬ್ಬರು ಅದನ್ನ ಬಾಯಿಪಾಠ ಮಾಡಿದ್ರು, ಒಂದು ಸಲಾನೂ ಉಪಯೋಗ ಬರಲಿಲ್ಲ. ಅಂಥಾ ಪುಸ್ತಕಕ್ಕ ರೊಕ್ಕ ಹಾಕಬ್ಯಾಡ್ರಿ.

ಹೆಜ್ಜಿ 2: ದನಿ

ಲಿಪಿ ಇಂಗ್ಲಿಷಿನದ, ಬರದಂಗ ಓದೂದು, ಅರ್ಧ ದಿನದಾಗ ಬರ್ತೈತಿ. ಸಿ ಅಕ್ಷರ ಯಾವಾಗ್ಲೂ ಚ. ಟಿ ಅಂದ್ರ ತ, ಡಿ ಅಂದ್ರ ದ, ಇಂಗ್ಲಿಷ್ ನೆಪ್ಪಿನಾಗ "ಟಿಡಾಕ್" ಅಂತ ಓದೋರು ಭಾಳ, ಅದು "ತಿದಾಕ್", ಕೊನಿ ಕ ಪೂರ್ತಿ ಹೊರಗ ಬರದಂಗ ಗಂಟಲದಾಗ ಹಿಡೀರಿ. ಇಂಗ್ಲಿಷಿನ ಇ (e) ಅಕ್ಷರಕ್ಕ ಮಾತ್ರ ಎರಡು ದನಿ ಅದಾವು, ಒಂದು ನಮ್ಮ ಎ, ಇನ್ನೊಂದು ಅ-ಎ ನಡುವಿನ ಸಣ್ಣ ದನಿ, ಯಾವುದು ಎಲ್ಲಿ ಅಂತ ಕೇಳಿನ ಕಲೀಬೇಕು.

ಸಾಲ್ಯಾಗ "ಕ ಖ ಗ ಘ ಙ, ಚ ಛ ಜ ಝ ಞ" ಅಂತ ಒದರುವಾಗ ಈ ಙ ಞ ಎದಕ್ಕ ಇಟ್ಟಾರ ಅಂತ ಎಲ್ಲಾರಿಗೂ ಅನಿಸಿರ್ತೈತಿ. ಇಲ್ಲಿ ಬೇಕಾಗ್ತಾವು ನೋಡ್ರಿ. ಹೂವಿಗೆ "ಬುಙಾ", ಗ ಹಚ್ಚಬ್ಯಾಡ್ರಿ. ಸೊಳ್ಳಿಗೆ "ಞಾಮುಕ್". ಮಾವಿನಹಣ್ಣಿಗೆ "ಮಾಂಗಾ", ಇಲ್ಲಿ ಗ ಐತಿ. ಈ ಎರಡು ಅಕ್ಷರ ಬಾಯಾಗ ಕೂತ್ರ ಮುಂದಿನ ದೊಡ್ಡ ಹೆಜ್ಜಿ ಹಗುರ ಆಗ್ತೈತಿ.

ಹೆಜ್ಜಿ 3: ಬಂದಿರೋ ಶಬ್ದ ಎಣಿಸ್ಕೋರಿ

ಸಂಸ್ಕೃತ, ಅರಬ್ಬಿ, ಪೋರ್ತುಗೀಸ್ ಶಬ್ದ ಅಲ್ಲಿಗೂ ಹೋಗ್ಯಾವು, ನಮ್ಮ ಕಡೆನೂ ಬಂದಾವು. ಬಹಾಸಾ, ಗುರು, ನಾಮಾ, ಮನುಸಿಯಾ, ಗಾಜಾಹ್, ಸಿಙಾ, ಕುರ್ಸಿ, ಮೇಜಾ, ಸಾಬುನ್. ನಾವು "ಏನ್ ಖಬರ್" ಅಂತೀವಿ, ಅವರು "ಆಪಾ ಕಾಬಾರ್" ಅಂತಾರ, ಅದೂ ಅದ. ಆದ್ರ ಅರ್ಥ ಹೊಳ್ಳಿರೋವು ಕೆಲವು ಅದಾವು, ಅವನ್ನ ಬ್ಯಾರೆ ಪುಟದಾಗ ಬರೀರಿ. ಚಿಂತಾ ಅಂದ್ರ ಪ್ರೀತಿ. ಇಸ್ತ್ರಿ ಅಂದ್ರ ಹೆಂಡ್ತಿ, ಸುಆಮಿ ಅಂದ್ರ ಗಂಡ. ಸೆಙ್ಸಾರಾ ಅಂದ್ರ ಕಷ್ಟ. ಕೋಟಾ ಅಂದ್ರ ಊರು, ಪಟ್ಟಣ. ದೋಸಾ ಅಂದ್ರ ಪಾಪ, ನಮ್ಮ "ದೋಷ"ದ ಕಡೆಯದು, ತಿನ್ನೋ ದ್ವಾಸಿ ಬಗ್ಗೆ ಹೇಳೂ ಮುಂದ ಇದು ನೆಪ್ಪಿರಲಿ.

ಹೆಜ್ಜಿ 4: ಇಲ್ಲ, ಅಲ್ಲ, ಬ್ಯಾಡ

ಇಂಗ್ಲಿಷ್ ದಾರಿ ಹಿಡದವರು ಇಲ್ಲಿ ವಾರಗಟ್ಟಲೆ ಒದ್ದಾಡ್ತಾರ, ಕನ್ನಡದವರಿಗೆ ಐದು ನಿಮಿಷ. ಇಲ್ಲ ಅಂದ್ರ "ತಿದಾಕ್". ಅಲ್ಲ ಅಂದ್ರ "ಬುಕಾನ್". ಬ್ಯಾಡ ಅಂದ್ರ "ಜಾಙಾನ್". ಇನ್ನೂ ಇಲ್ಲ ಅಂದ್ರ "ಬೆಲುಮ್". "ಸುದಾಹ್ ಮಾಕಾನ್" ಅಂತ ಕೇಳ್ತಾರ, ಪೂರ್ತಿ ನಮ್ಮ "ಊಟ ಆತೇನ್ರಿ", ಆಗಿದ್ರ "ಸುದಾಹ್", ಇಲ್ಲಂದ್ರ "ಬೆಲುಮ್" ಅನ್ರಿ, ತಿದಾಕ್ ಅನಬ್ಯಾಡ್ರಿ. ಲಗ್ನ ಆಗಿದಿಯೇನು ಅಂದ್ರೂ ಅದ ಬೆಲುಮ್, ನಾವೂ "ಇನ್ನೂ ಇಲ್ರಿ" ಅಂತನ ಅಲ್ಲೇನು ಹೇಳೂದು. ಕಾಲಕ್ಕ ತಕ್ಕಂಗ ಕ್ರಿಯಾಪದ ಬದಲಾಗೂದಿಲ್ಲ, ಆಗಿದ್ದಕ್ಕ ಸುದಾಹ್, ನಡದಿದ್ದಕ್ಕ "ಸೆದಾಙ್", ಆಗೂದಕ್ಕ "ಆಕಾನ್", ಮುಗೀತು.

ಶಬ್ದದ ಕ್ರಮ ಮಾತ್ರ ನಮಗ ಉಲ್ಟಾ. ನನ್ನ ಮನಿ ಅನ್ನಾಕ "ರುಮಾಹ್ ಸಾಯಾ", ಮನಿ ಮೊದಲು ನನ್ನ ಆಮ್ಯಾಲೆ. ವಾರದಾಗ ರೂಢಿ ಆಗ್ತೈತಿ.

ಹೆಜ್ಜಿ 5: ಈ "ಮೆ" ಅನ್ನೋದು

ಇಲ್ಲೇ ಮಂದಿ ಕೈಬಿಡ್ತಾರ, ಅದಕ್ಕ ನಿಧಾನ ಹೇಳ್ತೀನಿ. ಭಾಳಷ್ಟು ಕ್ರಿಯಾಪದದ ಮುಂದ "ಮೆ" ಸೇರ್ತೈತಿ, ಸೇರುವಾಗ ಮೂಲ ಶಬ್ದದ ಮೊದಲ ಅಕ್ಷರ ನೋಡಿ ನಡುವ ಒಂದು ಮೂಗಿನ ದನಿ ಬರ್ತೈತಿ. ಇಂಗ್ಲಿಷ್ ಪುಸ್ತಕದಾಗ ಇದಕ್ಕ ಒಂದು ಪುಟದ ಕೋಷ್ಟಕ ಕೊಟ್ಟಿರ್ತಾರ, ನಾನೂ ಅದನ್ನ ಎರಡು ತಿಂಗಳು ಗಿಳಿಪಾಠ ಮಾಡಿದೆ, ತಲ್ಯಾಗ ನಿಲ್ಲಲಿಲ್ಲ. ಒಂದಿನ ವರ್ಣಮಾಲೆ ಬರದು ಬಾಜೂಕ ಇಟ್ಟು ನೋಡಿದ್ರ ಎಲ್ಲಾ ಅದರಾಗ ಐತಿ.

ಮೆ ಆದಮ್ಯಾಲೆ ಒಂದು ಸೊನ್ನಿ ಹಾಕ್ರಿ, ಅಷ್ಟ. ಅಂಕ, ಪಂಚ, ದಂತ, ಕಂಬ, ಸೊನ್ನಿ ಒಂದ ಇದ್ರೂ ಮುಂದಿನ ಅಕ್ಷರ ನೋಡಿ ನಮ್ಮ ನಾಲಿಗಿ ತಾನ ದನಿ ಬದಲು ಮಾಡ್ತೈತಿ ಹೌದಲ್ರಿ, ಅಲ್ಲೂ ಹಂಗ. ಬಾಚಾ ಅಂದ್ರ ಓದು, ಮೆಂಬಾಚಾ. ದೆಙಾರ್ ಅಂದ್ರ ಕೇಳು, ಮೆಂದೆಙಾರ್. ಚುಚಿ ಅಂದ್ರ ತೊಳಿ, ಮೆಂಚುಚಿ. ಗೋರೆಙ್ ಅಂದ್ರ ಎಣ್ಣ್ಯಾಗ ಕರಿ, ಮೆಂಗೋರೆಙ್. ಇಂಗ್ಲಿಷ್ ಅಕ್ಷರದಾಗ ಒಂದೊಂದು ಕಡೆ ಒಂದೊಂದು ನಮೂನಿ ಬರದಿರ್ತಾರ, ಅದಕ್ಕ ಹೆದರಬ್ಯಾಡ್ರಿ.

ಈಗ ತೊಡಕಿನ ಜಾಗ. ಕ, ತ, ಪ, ಸ ಈ ನಾಲ್ಕರಿಂದ ಶುರು ಆಗೋ ಶಬ್ದದಾಗ ಆ ಅಕ್ಷರ ಮಾಯ ಆಗಿ ಅದರ ಜಾಗಕ್ಕ ಆ ವರ್ಗದ ಅನುನಾಸಿಕ ಬಂದು ಕೂಡ್ತೈತಿ. ಕಿರಿಮ್ ಅಂದ್ರ ಕಳಿಸು, ಕ ಹೋಗಿ ಙ ಬಂತು, ಮೆಙಿರಿಮ್. ತುಲಿಸ್ ಅಂದ್ರ ಬರಿ, ತ ಹೋಗಿ ನ ಬಂತು, ಮೆನುಲಿಸ್. ಪಾಕಾಯ್ ಅಂದ್ರ ಬಳಸು, ಪ ಹೋಗಿ ಮ ಬಂತು, ಮೆಮಾಕಾಯ್. ಚ ಮಾತ್ರ ಹೋಗೂದಿಲ್ಲ, ಅದರ ಬದಲಿ ಸ ಹೋಗಿ ಞ ಬರ್ತೈತಿ: ಸಾಪು ಅಂದ್ರ ಕಸಬರಗಿ, ಕಸಾ ಹೊಡಿಯೋದು ಮೆಞಾಪು. ನಮ್ಮ ಆದೇಶ ಸಂಧಿ ನೆಪ್ಪ ಮಾಡ್ಕೋರಿ, ಮಳೆ ಕಾಲ ಸೇರಿ ಮಳೆಗಾಲ, ಅಲ್ಲೂ ಮುಖ್ಯವಾಗಿ ಬದಲಾಗೋವು ಕ ತ ಪ ಇವ. ಅದಕ್ಕ ನಮಗ ಈ ನಿಯಮ ಪರಕೀ ಅನಿಸಬಾರದು.

ಸ್ವರ ಅಥವಾ ಹ ಇದ್ರ ನಡುವ ಙ ಬರ್ತೈತಿ, ಆಂಬಿಲ್ (ತಗೋ) ಮೆಙಾಂಬಿಲ್. ಲ, ರ, ಮ, ನ, ವ, ಯ ಇದ್ರ ಬರೇ ಮೆ, ಲಿಹಾತ್ (ನೋಡು) ಮೆಲಿಹಾತ್. ಉಣ್ಣು, ಮಲಗು, ಹೋಗು, ಜಳಕ ಮಾಡು ಅನ್ನೋ ಮಾಕಾನ್, ತಿದುರ್, ಪೆರ್ಗಿ, ಮಾಂದಿ ಇವಕ್ಕ ದಿನದ ಮಾತಿನಾಗ ಮೆ ಹಚ್ಚೂದಿಲ್ಲ, ಹುರುಪಿನಾಗ ಹಚ್ಚೋರು ಭಾಳ ಅದಾರ.

ಇದು ಯಾಕ ಇಷ್ಟು ಮುಖ್ಯ ಅಂದ್ರ, ಅವರ ದೊಡ್ಡ ನಿಘಂಟು ಕೆಬಿಬಿಐ ಮೂಲ ಶಬ್ದದ ಪ್ರಕಾರ ಜೋಡಿಸ್ಯಾರ, ಮೆನುಲಿಸ್ ಬೇಕಂದ್ರ ತುಲಿಸ್ ಕೆಳಗ ನೋಡಬೇಕು. ಮೂಲ ಯಾವುದು ಅಂತ ಸಂಶಯ ಬಂದ್ರ ಒಂದು ಪರೀಕ್ಷಾ ಐತಿ: ಮೆ ತಗದು "ದಿ" ಹಚ್ಚಿದ ರೂಪ ಗೊತ್ತಿದ್ದವರನ್ನ ಕೇಳ್ರಿ. ದಿತುಲಿಸ್, ದಿಸಾಪು, ದಿಪಾಕಾಯ್, ದಿ ಹಚ್ಚಿದಾಗ ಯಾವ ಅಕ್ಷರಾನೂ ಮಾಯ ಆಗೂದಿಲ್ಲ.

ಕಲಿಯೋ ರೀತಿ ಹಿಂಗ. ನಾನು ಮನ್ಯಾಗಿನ ಸಾಮಾನಿನ ಮ್ಯಾಲೆ ಚೀಟಿ ಅಂಟಿಸಿದ್ದೆ, ಕಸಬರಗಿ ಹಿಡಿಕಿಗೆ "ಸಾಪು", ಬಾಣಲಿ ಹಿಡಿಕಿಗೆ "ಗೋರೆಙ್", ಬಚ್ಚಲದಾಗ ಬಕೆಟ್‌ಗೆ "ಚುಚಿ". ಚೀಟಿಮ್ಯಾಲೆ ಬರೇ ಮೂಲ ಶಬ್ದ, ಕೆಲಸ ಮಾಡುವಾಗ ಬಾಯಿಂದ ಮೆ ಹಚ್ಚಿ ಹೇಳೂದು. ಮಿರ್ಚಿ ಕರಿಯುವಾಗ "ಸಾಯಾ ಸೆದಾಙ್ ಮೆಂಗೋರೆಙ್ ಚಾಬಾಯ್", ನಾನು ಮೆಣಸಿನಕಾಯಿ ಕರಿಯಾಕತ್ತೀನಿ. ಎಣ್ಣಿ ಚೀಟಿಗೆ ಸಿಡಿದು ಅಕ್ಷರ ಅಳಿಸಿ ಹೋಗೂದ್ರಾಗ ಶಬ್ದ ಬಾಯಾಗ ಕೂತಿರ್ತೈತಿ. ದಿನಕ್ಕ ನಾಲ್ಕು, ಹೆಚ್ಚು ಬ್ಯಾಡ. ಮಾತಾಡುವಾಗ ಭಾಳ ಕಡೆ ಈ ಮೆ ಬಿಟ್ಟು ನುಲಿಸ್, ಞಾಪು, ಙಿರಿಮ್ ಅಂತಾರ, ಮೂಗಿನ ದನಿ ಗೊತ್ತಿದ್ರ ಅದೂ ತಿಳೀತೈತಿ.

ಹೆಜ್ಜಿ 6: ನೀ ಅನಬ್ಯಾಡ್ರಿ

ಒಂದು ಆ್ಯಪ್ ನನಗ ಶುರುವಿಗೇ "ಕಾಮು" ಕಲಿಸಿತ್ತು, ನಾನು ವೈನಿ ಅವ್ವಾರಿಗೆ ಅದನ್ನ ಅಂದುಬಿಟ್ಟೆ, ಹಿರ್ಯಾರಿಗೆ "ನೀ" ಅಂದಂಗ ಅದು. ಅವರು ಏನೂ ಅನಲಿಲ್ಲ, ವೈನಿ ಆಮ್ಯಾಲೆ ಹೇಳಿದ್ರು, ಇವತ್ತಿಗೂ ಅದು ನನಗ ಚುಚ್ತೈತಿ. ಅನುವಾದದ ಆ್ಯಪ್ "ನೀವು" ಅನ್ನಾಕ ಎಲ್ಲಾ ಕಡೆ "ಆಂದಾ" ಅಂತ ಕೊಡ್ತೈತಿ, ಅದು ಜಾಹೀರಾತಿನ ಮಾತಿನಂಗ ಕೇಳಸ್ತೈತಿ. ಹಿರೇರಿಗೆ "ಪಾಕ್", "ಬು", ಅಂದ್ರ ಅಪ್ಪಾ, ಅವ್ವಾ. ಸ್ವಲ್ಪ ದೊಡ್ಡವರಿಗೆ ಜಾವಾ ಕಡೆ "ಮಾಸ್", "ಎಂಬಾಕ್", ಅಣ್ಣಾ, ಅಕ್ಕಾ. ನಮ್ಮ ಸಂತ್ಯಾಗ ಹೆಂಗೋ ಹಂಗ.

ಇನ್ನ "ನಾವು" ಅನ್ನಾಕ ಎರಡು ಶಬ್ದ. "ಕಿತಾ" ಅಂದ್ರ ಕೇಳೋರನ್ನೂ ಸೇರಿಸಿ, "ಕಾಮಿ" ಅಂದ್ರ ಅವರನ್ನ ಬಿಟ್ಟು. ಮನಿಗೆ ಬಂದವರಿಗೆ "ಕಾಮಿ ಮಾಕಾನ್" ಅಂದ್ರ ನಾವಷ್ಟ ಉಣ್ತೀವಿ ಅಂದಂಗ ಆತು. ಇದೊಂದು ತಪ್ಪಬ್ಯಾಡ್ರಿ.

ಹೆಜ್ಜಿ 7: ವಾಯ್ಸ್ ಮೆಸೇಜ್

ದಿನಾ ಒಂದು, ಅರ್ಧ ನಿಮಿಷದ್ದು, ನಿಜವಾದ ಮನಷ್ಯಾರಿಗೆ. ಗೊತ್ತಿದ್ದವರು ಯಾರೂ ಇಲ್ಲಂದ್ರ "ಬಿಪಾ" ಅಂತ ಹುಡುಕ್ರಿ, ಪರದೇಶದವರಿಗೆ ಇಂಡೋನೇಷ್ಯನ್ ಕಲಿಸೋ ಪಾಠಕ್ಕ ಅಲ್ಲಿ ಅದ ಹೆಸರು, ಹಂತಹಂತದ ಪಾಠ ಸಿಗ್ತಾವು. ನಾನು ವೈನಿ ಅವ್ವಾರಿಗೆ ಕಳಿಸ್ತೀನಿ. ಅವರು ಮನ್ಯಾಗ ಜಾವಾ ಭಾಷಾ ಆಡೋರು, ನನ್ನ ಸಲುವಾಗಿ ನಿಧಾನ ಇಂಡೋನೇಷ್ಯನ್ ಆಡ್ತಾರ.

ಹೋದ ವಾರ ಏನ್ ಮಾಡಾಕತ್ತೀರಿ ಬು ಅಂತ ಕೇಳಿದ್ದಕ್ಕ "ಸೆದಾಙ್ ಮೆಙುಪಾಸ್ ಬಾವಾಙ್" ಅಂತ ಬಂತು. ಮೆಙುಪಾಸ್ ನನಗ ಗೊತ್ತಿರಲಿಲ್ಲ. ಮೆ ತಗದೆ, ಙ ಉಳೀತು, ಅಂದ್ರ ಮೂಲ ಸ್ವರದಿಂದ ಶುರು ಆಗಿರಬೇಕು ಇಲ್ಲಾ ಕ ಮಾಯ ಆಗಿರಬೇಕು. ಉಪಾಸ್ ಹುಡುಕಿದೆ, ವಿಷದ ಮಾತು ಬಂತು, ಅದು ಕೂಡಲಿಲ್ಲ. ಕುಪಾಸ್ ಹುಡುಕಿದೆ: ಸಿಪ್ಪಿ ಸುಲಿಯೋದು. ಬಾವಾಙ್ ಪುತಿಹ್ ಅಂದ್ರ ಬಳ್ಳೊಳ್ಳಿ, ಬಾವಾಙ್ ಮೇರಾಹ್ ಅಂದ್ರ ಸಣ್ಣ ಕೆಂಪು ಉಳ್ಳಾಗಡ್ಡಿ, ಯಾವುದು ಬು ಅಂತ ತಿರುಗಿ ಕೇಳಿದೆ. "ದುವಾ-ದುವಾಞಾ" ಅಂದ್ರು, ಎರಡೂ.