ಬಂಕ್‌ನಲ್ಲಿ ಆ್ಯಪ್‌ನಿಂದ ಹಣ ಕಟ್ಟುವ ಮುಂಚೆ

ಪೆಟ್ರೋಲ್ ಹಾಕಿಸಿಕೊಂಡ ಮೇಲೆ ಆ್ಯಪ್ ತೆರೆದರೆ ಅದು ಅಪ್‌ಡೇಟ್ ಕೇಳುತ್ತದೆ, ಇಲ್ಲವೇ ಪಾಸ್‌ವರ್ಡ್ ಕೇಳುತ್ತದೆ. ಹಿಂದಿನವರು ಹಾರ್ನ್ ಹೊಡೆಯಲು ಶುರು ಮಾಡಿರುತ್ತಾರೆ. ಹಾಗಾಗಿ ಹೊರಡುವ ಮುಂಚೆಯೇ ಒಮ್ಮೆ ಲಾಗಿನ್ ಆಗಿಬಿಡಿ.

ಕೆಲವು ಆ್ಯಪ್‌ಗಳಲ್ಲಿ ಪಂಪ್ ನಂಬರ್ ನೀವೇ ಆರಿಸಬೇಕು. ಇಲ್ಲಿ ಸ್ವಲ್ಪ ನಿಧಾನ ಇರಲಿ. ನಾನೊಮ್ಮೆ ಮೂರರ ಬದಲು ನಾಲ್ಕು ಒತ್ತಿದೆ. ಪಕ್ಕದ ಪಂಪ್ ಚಾಲೂ ಆಯ್ತು, ನನ್ನದು ಸುಮ್ನೆ ನಿಂತಿತ್ತು! ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ, ತಕ್ಷಣ ರದ್ದು ಮಾಡಿದೆ.

ಇನ್ನೊಂದು ವಿಷಯಕ್ಕೆ ಜಾಸ್ತಿ ಜನ ಗಾಬರಿಯಾಗುತ್ತಾರೆ. ಎಷ್ಟು ಲೀಟರ್ ಹಾಕುತ್ತೀರಿ ಅಂತ ಮೊದಲೇ ಗೊತ್ತಿರಲ್ಲ ಅಲ್ವಾ? ಅದಕ್ಕೆ ಹೀಗೆ ಆ್ಯಪ್‌ನಿಂದಲೇ ಪಂಪ್ ಚಾಲೂ ಆಗುವ ಕಡೆ ಕಾರ್ಡ್‌ನಲ್ಲಿ ಒಂದು ದೊಡ್ಡ ಮೊತ್ತವನ್ನು ತಡೆಹಿಡಿಯುವುದುಂಟು. ಆಮೇಲೆ ಹಾಕಿದಷ್ಟಕ್ಕೇ ಹಣ ಕಡಿತವಾಗಿ ಉಳಿದದ್ದು ಬಿಡುಗಡೆಯಾಗುತ್ತದೆ. ಎಷ್ಟು ಬೇಗ ಅನ್ನೋದು ಬ್ಯಾಂಕ್ ಮೇಲೆ ನಿಂತಿದೆ, ಕೆಲವೊಮ್ಮೆ ಒಂದೆರಡು ದಿನ ಹಿಡಿಯಬಹುದು. ಖಾತೆಯಲ್ಲಿ ಹಣ ಕಡಿಮೆ ಇರುವಾಗ ಇದು ನೆನಪಿರಲಿ.

ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದಾದರೆ ಪರದೆಯಲ್ಲಿ ಬಂದ ಹೆಸರು ಬಂಕ್‌ನದೇನಾ ನೋಡಿ. ಕೋಡ್ ಮೇಲೆ ಇನ್ನೊಂದು ಸ್ಟಿಕ್ಕರ್ ಅಂಟಿಸಿ ಮೋಸ ಮಾಡುವವರಿದ್ದಾರೆ. ಅಂಚು ಎದ್ದಿದ್ದರೆ ಅನುಮಾನಪಡಿ.

ಹಣ ಹೋಗಿದೆ, ಆದರೆ 'ಪೆಂಡಿಂಗ್' ಅಂತ ತೋರಿಸುತ್ತಿದೆಯಾ? ತಕ್ಷಣ ಎರಡನೇ ಸಲ ಕಟ್ಟಬೇಡಿ. ಬ್ಯಾಂಕ್ ಮೆಸೇಜ್ ನೋಡಿ, ವ್ಯವಹಾರದ ನಂಬರ್‌ನ ಸ್ಕ್ರೀನ್‌ಶಾಟ್ ತೆಗೆದು ಸಿಬ್ಬಂದಿಗೆ ತೋರಿಸಿ.

ಹಾಂ, ನಾಜಲ್ ಕೈಯಲ್ಲಿ ಹಿಡಿದುಕೊಂಡು ಫೋನ್ ಒತ್ತುವುದು ಬೇಡ. ಕಾರಲ್ಲಿದ್ದರೆ ಒಳಗೇ ಕೂತು ಮುಗಿಸಿ, ಬೈಕ್ ಆದರೆ ಪಂಪ್‌ನಿಂದ ಸ್ವಲ್ಪ ದೂರ ಬಂದು.