ಮಧ್ಯೆ ಗೆರೆಯಿರುವ ಡಬ್ಬಿ

ಯೋಕೊಹಾಮಾದಲ್ಲಿ ನಮ್ಮ ಮನೆಯ ಪಕ್ಕದ ಬೀದಿಯಲ್ಲಿ ಒಂದು ಸೋಬಾ, ಅಂದರೆ ನೂಡಲ್ಸ್, ಅಂಗಡಿ ಇದೆ. ಹೋದ ಹೊಸದರಲ್ಲಿ ಒಂದು ಮಧ್ಯಾಹ್ನ ಹಸಿದುಕೊಂಡು ಹೋದರೆ ಬಾಗಿಲು ಹಾಕಿತ್ತು. ಗಾಜಿಗೆ ಒಂದು ಚೀಟಿ ಅಂಟಿಸಿದ್ದರು. ಅದರಲ್ಲಿ ನನಗೆ ಗುರುತು ಹತ್ತಿದ್ದು ಮೊದಲ ಎರಡೇ ಅಕ್ಷರ. 'ನಿಹೊನ್', ಅಂದರೆ ಜಪಾನ್ ಅಂತ ಬರೆಯುವ ಎರಡು ಕಾಂಜಿ. ಕಾಂಜಿ ಅಂದರೆ ಚೀನಾದಿಂದ ಜಪಾನಿಗೆ ಬಂದ ಅಕ್ಷರ. ಆದರೆ ಹಿಂದುಮುಂದಾಗಿದ್ದವು. ತಮ್ಮ ದೇಶದ ಹೆಸರನ್ನೇ ತಪ್ಪು ಬರೆದಿದ್ದಾರಲ್ಲ ಅಂತ ಒಳಗೊಳಗೇ ಖುಷಿಪಟ್ಟೆ. ಫೋಟೊ ಕೂಡ ತೆಗೆದೆ.

ಮರುದಿನ ಆಫೀಸಿನಲ್ಲಿ ತೋರಿಸಿದಾಗ ಮಾನ ಹೋಯಿತು. ಆ ಎರಡನ್ನು ತಿರುಗಿಸಿ ಬರೆದರೆ 'ಹೊನ್‌ಜಿತ್ಸು'. ಹಾಗಂದರೆ 'ಈ ದಿನ'. ಈ ದಿನ ಅಂಗಡಿಗೆ ರಜೆ, ಅಷ್ಟೇ.

ವಿಷಯ ಏನಂದರೆ, ಆ ಎರಡರಲ್ಲಿ ಒಂದು ಅಕ್ಷರ ನನಗೆ ಚೆನ್ನಾಗಿ ಬರುತ್ತದೆ ಅಂತಲೇ ನಾನು ನಂಬಿಕೊಂಡಿದ್ದೆ. ನಿಂತಿರುವ ಒಂದು ಡಬ್ಬಿ, ಮಧ್ಯೆ ಒಂದು ಅಡ್ಡ ಗೆರೆ. ಸೂರ್ಯ ಅಂತಲೂ ದಿನ ಅಂತಲೂ ಅರ್ಥ. ಜಪಾನಿನ ಮಕ್ಕಳು ಒಂದನೇ ಕ್ಲಾಸಿನಲ್ಲಿ ಕಲಿಯುವ 80 ಕಾಂಜಿಗಳಲ್ಲಿ ಇದೂ ಒಂದು. ಬೆಂಗಳೂರಿನಲ್ಲಿ ಎನ್5 ಅನ್ನುವ ಮೊದಲ ಹಂತದ ಜಪಾನಿ ಭಾಷಾ ಪರೀಕ್ಷೆಗೆ ಓದುವಾಗ ಕಾರ್ಡು ಮಾಡಿಕೊಂಡು, ಈ ಅಕ್ಷರವನ್ನು ಓದುವ ಐದು ಬಗೆಗಳನ್ನು ಮಗ್ಗಿ ಹಾಗೆ ಬಾಯಿಪಾಠ ಮಾಡಿದ್ದೆ: ನಿಚಿ, ಜಿತ್ಸು, ಹಿ, ಬಿ, ಕ. ಪಾಸೂ ಆಗಿದ್ದೆ. ಆ ಪರೀಕ್ಷೆಯಲ್ಲಿ ಉತ್ತರಕ್ಕೆ ಗುರುತು ಹಾಕಿದರೆ ಸಾಕು, ಒಂದು ಅಕ್ಷರವನ್ನೂ ಕೈಯಲ್ಲಿ ಬರೆಯಬೇಕಾಗಿಲ್ಲ.

ಬರೆಯಲು ಕಲಿತದ್ದು ಇಲ್ಲಿಗೆ ಬಂದ ಮೇಲೆ. ವಾರಕ್ಕೊಂದು ದಿನ ಹೊರದೇಶದವರಿಗೆ ಭಾಷೆ ಹೇಳಿಕೊಡುವ ಒಬ್ಬ ವಯಸ್ಸಾದ ಸೆನ್ಸೇ ಸಿಕ್ಕಿದರು. ನಾನು ಡಬ್ಬಿಯನ್ನು ಒಂದೇ ಸುತ್ತಿಗೆ ಬರೆದು ಮಧ್ಯೆ ಗೆರೆ ಎಳೆದೆ. ಅವರು ಕೆಂಪು ಪೆನ್ನು ತೆಗೆದರು. ಮೊದಲು ಎಡಗಡೆಯ ಗೋಡೆ, ಮೇಲಿಂದ ಕೆಳಕ್ಕೆ. ಆಮೇಲೆ ಮೇಲಿನ ಚಾವಣಿ, ಪೆನ್ನು ಎತ್ತದೆ ಹಾಗೇ ತಿರುಗಿ ಬಲಗಡೆಯ ಗೋಡೆ. ಮೂರನೆಯದು ಮಧ್ಯದ ಗೆರೆ. ಕೊನೆಗೆ ಕೆಳಗಿನ ಗೆರೆ. ಒಟ್ಟು ನಾಲ್ಕು. ಒಳಗಿನ ಸಾಮಾನು ಇಟ್ಟ ಮೇಲೆಯೇ ಬಾಗಿಲು ಹಾಕಬೇಕು ಅಂದರು. ಚೌಕುಳಿ ಪುಸ್ತಕದಲ್ಲಿ ಒಂದು ಪುಟ ಬರೆಸಿದರು. ಮಧ್ಯೆ ಒಂದರ ಬದಲು ಎರಡು ಗೆರೆ ಬಿದ್ದರೆ ಅದು ಕಣ್ಣು. ತಲೆಯ ಮೇಲೆ ಒಂದು ಪುಟ್ಟ ಗೀಟು ಬಿದ್ದರೆ ಬಿಳಿ. ಹಾಗಾಗಿ ಕೈ ಹತೋಟಿಯಲ್ಲಿರಬೇಕು.

ಸೂರ್ಯ ಯಾಕೆ ಡಬ್ಬಿ ಆಗಿದ್ದಾನೆ ಅಂತ ಕೇಳಿದೆ. ಚೀನಾದ ಬಹಳ ಹಳೆಯ ಬರಹದಲ್ಲಿ ಅದು ಒಂದು ದುಂಡು, ನಡುವೆ ಒಂದು ಚುಕ್ಕಿ. ಎಲುಬು, ಆಮೆ ಚಿಪ್ಪಿನ ಮೇಲೆ ಕೊರೆಯುವಾಗ ದುಂಡು ಬರಲ್ಲ, ಮೂಲೆ ಬರುತ್ತದೆ. ಸೆನ್ಸೇ ಆ ದುಂಡು ಬರೆದು ತೋರಿಸಿದಾಗ ನನಗೆ ಕಂಡದ್ದು ತಲೆಕಟ್ಟು ಇಲ್ಲದ ನಮ್ಮ 'ಠ'! ಒಂದಕ್ಕೊಂದು ಸಂಬಂಧ ಏನೂ ಇಲ್ಲ, ಸುಮ್ನೆ ಹೋಲಿಕೆ. ಆದರೆ ಅವತ್ತಿನಿಂದ ಅದು ಮರೆತಿಲ್ಲ.

ಸೋಬಾ ಅಂಗಡಿಯ ಅವಮಾನ ಆದ ವಾರವೇ ಕಾರ್ಡುಗಳನ್ನು ಡ್ರಾಯರಿಗೆ ಹಾಕಿದೆ. ಒಂದು ನೋಟ್‌ಬುಕ್ಕಿನ ನಡುವೆ ಡಬ್ಬಿ ಬರೆದು, ಕಣ್ಣಿಗೆ ಬಿದ್ದ ಪದ ಮಾತ್ರ ಸುತ್ತ ಸೇರಿಸುತ್ತಾ ಹೋದೆ. ಅಂಗಡಿಯ ವಾರದ ರಜೆ 'ತೇಕ್ಯೂಬಿ'. ಹೋಟೆಲಿನಲ್ಲಿ ದಿನಕ್ಕೊಂದು ಬಗೆಯ ಊಟ 'ಹಿಗವರಿ'. ಹುಟ್ಟುಹಬ್ಬ 'ತನ್‌ಜೋಬಿ'. ದಿನಾಲೂ ಅನ್ನುವುದಕ್ಕೆ 'ಮೈನಿಚಿ'. ತಾರೀಖು 'ಹಿಜುಕೆ'. ಒಂದು ತಿಂಗಳಲ್ಲಿ ಪುಟ ತುಂಬಿತು. ಐದು ಓದುಗಳನ್ನು ನೆನಪಿಡುವ ಕಷ್ಟವೇ ಇರಲಿಲ್ಲ, ಪದದ ಜೊತೆ ಅವು ತಾವಾಗಿ ಬಂದವು.

ಅಷ್ಟಕ್ಕೂ ಇದು ನಮಗೆ ಹೊಸದಲ್ಲ. ಕುಡಿಯುವಾಗ ನೀರು, ಮೇಲಿಂದ ಬಿದ್ದರೆ ಜಲಪಾತ. ಕಣ್ಣು ನೋಯುತ್ತದೆ, ಆದರೆ ಮಾಡುವುದು ನೇತ್ರದಾನ. ಒಂಟಿಯಾಗಿದ್ದಾಗ ಮನೆಯ ಮಾತು, ಜೋಡಿಯಾದಾಗ ಹೊರಗಿಂದ ಬಂದ ಮಾತು. ಜಪಾನೀಯರೂ ಹೆಚ್ಚುಕಡಿಮೆ ಇದನ್ನೇ ಮಾಡುತ್ತಾರೆ: 'ಹಿ' ಅವರ ಮನೆಯದು, 'ನಿಚಿ', 'ಜಿತ್ಸು' ಚೀನಾದಿಂದ ಬಂದವು. ಎರಡಕ್ಕೂ ಒಂದೇ ಅಕ್ಷರ ಬರೆಯುತ್ತಾರೆ ಅನ್ನುವುದೊಂದೇ ತಲೆನೋವು.

ಅರ್ಥದ ವಿಷಯದಲ್ಲೂ ಕಾರ್ಡು ನನಗೆ ಮೋಸ ಮಾಡಿತ್ತು. ಒಂದೇ ಅಕ್ಷರ ಸೂರ್ಯನೂ ಹೌದು ದಿನವೂ ಹೌದು ಅಂತ ಎರಡು ಅರ್ಥ ಬರೆದುಕೊಂಡಿದ್ದೆ. ನಮ್ಮ ಅಜ್ಜಿ 'ಹೊತ್ತು ಮುಳುಗಿತು, ಒಳಗೆ ಬಾ' ಅನ್ನುತ್ತಿದ್ದರು. 'ಎಷ್ಟು ಹೊತ್ತಾಯ್ತು' ಅಂತಲೂ ಬೈಯುತ್ತಿದ್ದರು. ಹೊತ್ತು! ಎರಡೂ ಒಂದೇ ಪದದಲ್ಲಿ ಇದೆಯಲ್ಲ. 'ಈ ಹೊತ್ತು' ಸವೆದು 'ಇವತ್ತು' ಆಗಿದೆ. ಜಪಾನಿಯಲ್ಲಿ 'ಈಗ' ಮತ್ತು 'ಹೊತ್ತು' ಎರಡು ಕಾಂಜಿ ಸೇರಿದರೆ 'ಕ್ಯೋ', ಅಂದರೆ ಇವತ್ತು. ಇದರಲ್ಲಿ ಡಬ್ಬಿಯ ಉಚ್ಚಾರಣೆ ಎಲ್ಲಿದೆ ಅಂತ ಹುಡುಕಬೇಡಿ, ಸಿಗಲ್ಲ. 'ಇವತ್ತು'ವಿನಲ್ಲಿ 'ಹೊತ್ತು' ಎಲ್ಲಿದೆ ಅಂತ ನಾವು ಹುಡುಕುತ್ತೇವಾ?

ಇಷ್ಟವಾದ ಪದ ಅಂದರೆ ಭಾನುವಾರ, 'ನಿಚಿಯೋಬಿ'. ಮೂರು ಕಾಂಜಿ. ಮೊದಲನೆಯದೂ ಕೊನೆಯದೂ ಇದೇ ಡಬ್ಬಿ, ಆದರೆ ಒಂದು ಸಲ 'ನಿಚಿ', ಇನ್ನೊಂದು ಸಲ 'ಬಿ'. ನಡುವಿನ ಕಷ್ಟದ ಅಕ್ಷರದ ಎಡ ಮಗ್ಗುಲಲ್ಲೂ ಒಂದು ಪುಟ್ಟ ಡಬ್ಬಿ ಕೂತಿದೆ. ಒಂದೇ ಪದದಲ್ಲಿ ಮೂರು ಸೂರ್ಯ.

ಮಿಕ್ಕ ವಾರಗಳೂ ನಮ್ಮ ಲೆಕ್ಕದಲ್ಲೇ ಇವೆ. ಸೋಮವಾರಕ್ಕೆ ಚಂದ್ರ. ಮಂಗಳವಾರಕ್ಕೆ ಬೆಂಕಿ, ಯಾಕಂದರೆ ಮಂಗಳ ಗ್ರಹ ಅವರಿಗೆ 'ಬೆಂಕಿ ನಕ್ಷತ್ರ'. ನಾವೂ ಮಂಗಳನನ್ನು ಅಂಗಾರಕ ಅಂತೀವಿ, ಅಂಗಾರ ಅಂದರೆ ಕೆಂಡ. ಬುಧ ನೀರು, ಗುರು ಮರ, ಶುಕ್ರ ಲೋಹ, ಶನಿ ಮಣ್ಣು. ಗ್ರಹಗಳ ಸಾಲು ಒಂದಿಷ್ಟೂ ಬದಲಾಗಿಲ್ಲ. ಇದು ಕಾಕತಾಳೀಯ ಅಲ್ಲ. ಭಾರತದ ಜ್ಯೋತಿಷದ ಲೆಕ್ಕವನ್ನು ಅಮೋಘವಜ್ರ ಎಂಬ ಬೌದ್ಧ ಭಿಕ್ಷು ಎಂಟನೇ ಶತಮಾನದಲ್ಲಿ ಚೀನೀ ಭಾಷೆಗೆ ತಂದಿದ್ದ. 806ರಲ್ಲಿ ಚೀನಾದಿಂದ ಮರಳಿದ ಕೂಕೈ ಎಂಬ ಸನ್ಯಾಸಿ ಆ ಗ್ರಂಥವನ್ನು ಜಪಾನಿಗೆ ಹೊತ್ತು ತಂದ. ಭಾನುವಾರ ಸರ್ಕಾರಿ ಕಚೇರಿಗೆ ರಜೆ ಅಂತ ಆದದ್ದು ಮಾತ್ರ ತೀರಾ ಈಚೆಗೆ, 1876ರಲ್ಲಿ.

ನನ್ನನ್ನು ನಿಜವಾಗಿ ಸೋಲಿಸಿದ್ದು ತಾರೀಖು. ಒಂದರಿಂದ ಹತ್ತರವರೆಗೆ ಯಾವುದೂ ನಿಯಮಕ್ಕೆ ಸಿಗಲ್ಲ. ಹಲ್ಲು ನೋವು ಅಂತ ಡಾಕ್ಟರ ಸಮಯ ಕೇಳಲು ಫೋನ್ ಮಾಡಿದೆ. ಆ ಕಡೆಯಿಂದ ತಾರೀಖು ಹೇಳಿದರು. ನಾನು ನಾಲ್ಕು ಅಂತ ಬರೆದುಕೊಂಡೆ. ನಾಲ್ಕನೇ ತಾರೀಖು ಕೆನ್ನೆ ಊದಿಸಿಕೊಂಡು ಹೋದರೆ ಕೌಂಟರಿನ ಹುಡುಗಿ ಪಟ್ಟಿ ನೋಡಿ, ತಾನೇ ತಪ್ಪು ಮಾಡಿದ ಹಾಗೆ ತಲೆಬಾಗಿ, ಚೀಟಿಯಲ್ಲಿ ದೊಡ್ಡದಾಗಿ 8 ಬರೆದು ಪಕ್ಕದಲ್ಲಿ ಡಬ್ಬಿ ಹಾಕಿಕೊಟ್ಟಳು. ನಾಲ್ಕು 'ಯೊಕ್ಕ', ಎಂಟು 'ಯೋಕ'. ಇನ್ನು ನಾಲ್ಕು ದಿನ ಗಂಜಿ ಕುಡಿದೆ.

ಮನೆಗೆ ಬಂದು ನೋಡಿದರೆ ತಪ್ಪಿನ ಮೂಲ ನನ್ನ ಹಳೇ ಕಾರ್ಡಿನಲ್ಲೇ ಇತ್ತು. ಇಂಗ್ಲಿಷ್ ಅಕ್ಷರದಲ್ಲಿ ಅವಸರಕ್ಕೆ ಎರಡನ್ನೂ ಹೆಚ್ಚುಕಡಿಮೆ ಒಂದೇ ಥರ ಬರೆದುಕೊಂಡಿದ್ದೆ. ಅವತ್ತೇ ಎಲ್ಲವನ್ನೂ ಕನ್ನಡದಲ್ಲಿ ಬರೆದೆ. ನಮಗೆ 'ಒ' ಬೇರೆ 'ಓ' ಬೇರೆ, ಒತ್ತು ಬಿಟ್ಟರೆ ಕತ್ತೆ ಕತೆಯಾಗುತ್ತದೆ. ಹೀಗಿರುವಾಗ ಜಪಾನಿ ಬರೆದುಕೊಳ್ಳಲು ಕನ್ನಡಕ್ಕಿಂತ ಒಳ್ಳೆಯ ಲಿಪಿ ಬೇಕಾ?

ಅದೇ ವಾರ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿಕೊಂಡು ಗೋಳಾಡಿದೆ. 'ಒಂದು, ಎರಡು ಅನ್ನದೆ ಬೇರೆ ಏನೇನೋ ಅಂತಾರಮ್ಮ.'

'ನಾವು ಪಾಡ್ಯ, ಬಿದಿಗೆ, ತದಿಗೆ ಅನ್ನಲ್ವೇನೋ? ಕ್ಯಾಲೆಂಡರ್ ನೋಡು ಒಂದ್ಸಲ' ಅಂದರು ಅಮ್ಮ.

ಸರಿಯಾದ ಮಾತು. ಒಂದನೇ ತಾರೀಖಿಗೆ ಅವರು ಅನ್ನುವ 'ತ್ಸುಯಿತಾಚಿ' ಹುಟ್ಟಿದ್ದೇ 'ತ್ಸುಕಿ ತಾಚಿ'ಯಿಂದ, ಅಂದರೆ ಚಂದ್ರ ಏಳುವುದು. ಚಂದ್ರನ ತಿಂಗಳು ಶುರುವಾಗುವ ದಿನ. ನಮ್ಮ ಪಾಡ್ಯವೇ. ಆಮೇಲೆ 'ಫುತ್ಸುಕ' ಬಿದಿಗೆ, 'ಮಿಕ್ಕ' ತದಿಗೆ, 'ಯೊಕ್ಕ' ಚೌತಿ ಅಂತ ಕಲಿತೆ. ಗಣಪತಿ ಹಬ್ಬದ ಚೌತಿ ಮರೆಯುವವರು ಯಾರಿದ್ದಾರೆ? ಹನ್ನೊಂದರಿಂದ ಸಲೀಸು, ಸಂಖ್ಯೆ ಹೇಳಿ 'ನಿಚಿ' ಅಂದರೆ ಆಯಿತು. ಹದಿನಾಲ್ಕು, ಇಪ್ಪತ್ತು, ಇಪ್ಪತ್ತನಾಲ್ಕು ಮಾತ್ರ ಹಟಮಾರಿಗಳು. ಇನ್ನೊಂದು ಎಚ್ಚರಿಕೆ: ಔಷಧಿ ಪೊಟ್ಟಣದ ಮೇಲೆ 1 ಬರೆದು ಡಬ್ಬಿ ಹಾಕಿದ್ದರೆ ಅದು ಒಂದನೇ ತಾರೀಖಲ್ಲ. 'ಇಚಿನಿಚಿ', ಒಂದು ದಿನಕ್ಕೆ. ಮುಂದೆ 3 ಇದ್ದರೆ ದಿನಕ್ಕೆ ಮೂರು ಸಲ.

ದಿನಬಳಕೆಗೆ ಅಂತ ಸರ್ಕಾರ ಪಟ್ಟಿ ಮಾಡಿರುವ ಕಾಂಜಿ 2136. ನನ್ನ ನೋಟ್‌ಬುಕ್ಕಿನಲ್ಲಿ ಈ ಒಂದಕ್ಕೇ ಮೂರನೇ ಪುಟ ನಡೆಯುತ್ತಿದೆ. ಕಳೆದ ನವೆಂಬರಿನಲ್ಲಿ ಪಾಠ ಮುಗಿಸಿ ಸೆನ್ಸೇ ಜೊತೆ ಸ್ಟೇಷನ್ನಿಗೆ ನಡೆದು ಹೋಗುತ್ತಿದ್ದೆ. ಚಳಿ ಬಿಟ್ಟು ಬೆಚ್ಚಗೆ ಬಿಸಿಲು ಬಿದ್ದಿತ್ತು. ಅವರು 'ಕೊಹರುಬಿಯೊರಿ' ಅಂದರು. ಚಳಿಗಾಲದ ಬಾಗಿಲಲ್ಲಿ ಬರುವ ಇಂಥ ಬೆಚ್ಚನೆಯ ದಿನಕ್ಕೆ 'ಪುಟ್ಟ ವಸಂತ' ಅನ್ನುತ್ತಾರಂತೆ. ಕೊನೆಯ 'ಬಿಯೊರಿ' ಹೇಗೆ ಬರೆಯುವುದು ಅಂತ ಕೇಳಿದೆ. ಅವರು ನಿಂತು ಎಡ ಅಂಗೈ ಚಾಚಿ ಬಲಗೈ ಬೆರಳಿನಿಂದ ಬರೆದರು. ಎಡ ಗೋಡೆ, ಚಾವಣಿ ತಿರುಗಿ ಬಲ ಗೋಡೆ, ಮಧ್ಯೆ ಒಂದು ಗೆರೆ. ಬಾಗಿಲು ಹಾಕುವ ಮೊದಲೇ ನಾನು 'ಆಹಾ' ಅಂದೆ.