ಕ್ವೆರಿಯೊಳಗಿದ್ದ ನಿಯಮವನ್ನು ಹೊರಗೆ ತಂದ ಬಗೆ

ಗ್ರಂಥಾಲಯದ ಒಂದು ಸಾಫ್ಟ್‌ವೇರ್ ನನ್ನ ಕೈಗೆ ಬಂದಾಗ ಅದರ ನಿಯಮಗಳೆಲ್ಲ ಎಸ್‌ಕ್ಯೂಎಲ್ ಕ್ವೆರಿಗಳ, ಅಂದರೆ ಡೇಟಾಬೇಸ್‌ಗೆ ಕೊಡುವ ಆದೇಶಗಳ, ಒಳಗೇ ಕೂತಿದ್ದವು. ಸದಸ್ಯರು ಎರವಲು ಪುಸ್ತಕದ ಅವಧಿ ಮುಂದುವರಿಸಬಹುದಾ? ಉತ್ತರ ಇದ್ದದ್ದು ಒಂದು ಅಪ್‌ಡೇಟ್ ಕ್ವೆರಿಯಲ್ಲಿ ಷರತ್ತು ಬರೆಯುವ ‘ವೇರ್’ ಭಾಗದಲ್ಲಿ. ಬೇರೆಯವರು ಕಾಯ್ದಿರಿಸಿರಬಾರದು, ದಂಡ ಬಾಕಿ ಇರಬಾರದು, ಗಡುವು ದಾಟಿರಬಾರದು. ಟೇಬಲ್‌ನ ಒಂದು ರೋ (ಸಾಲು) ಕೂಡ ಬದಲಾಗದಿದ್ದರೆ ‘ಆಗುವುದಿಲ್ಲ’ ಎಂದರ್ಥ. ಯಾಕೆ ಆಗುವುದಿಲ್ಲ ಅಂತ ಸದಸ್ಯರಿಗೆ ಹೇಳಲು ದಾರಿಯೇ ಇರಲಿಲ್ಲ.

ಮೊದಲು ಹಳೇ ಕ್ವೆರಿ ಯಾವಾಗ ಏನು ಉತ್ತರ ಕೊಡುತ್ತದೆ ಎಂಬುದಕ್ಕೆ ಟೆಸ್ಟ್‌ಗಳನ್ನು ಬರೆದಿಟ್ಟುಕೊಂಡೆ. ಆಮೇಲೆ ಒಂದು ಸಾದಾ ಫಂಕ್ಷನ್ ಬರೆದೆ. ಎರವಲಿನ ವಿವರ, ಕಾಯ್ದಿರಿಸಿದವರ ಸಂಖ್ಯೆ, ಬಾಕಿ ದಂಡ, ಇವತ್ತಿನ ತಾರೀಖು, ಇಷ್ಟು ಕೊಟ್ಟರೆ ‘ಸರಿ’ ಅಥವಾ ‘ಇಂಥ ಕಾರಣಕ್ಕೆ ಆಗದು’ ಎನ್ನುತ್ತದೆ. ಡೇಟಾಬೇಸ್ ಇದೆ ಅಂತಲೇ ಅದಕ್ಕೆ ಗೊತ್ತಿಲ್ಲ. ತಾರೀಖನ್ನು ಹೊರಗಿನಿಂದ ಕೊಡುವುದು ಸಣ್ಣ ವಿಷಯ ಅನಿಸಬಹುದು. ಜಾಸ್ತಿ ಲಾಭ ಆಗಿದ್ದು ಅದರಿಂದಲೇ. ಮುಂಚೆ ಕ್ವೆರಿ ಸರ್ವರ್‌ನ ಗಡಿಯಾರ ನೋಡುತ್ತಿತ್ತು. ಈಗ ಫೆಬ್ರವರಿ 29ಕ್ಕೆ ಮುಗಿಯುವ ಗಡುವನ್ನೂ ಯಾವ ದಿನ ಬೇಕಾದರೂ ಟೆಸ್ಟ್ ಮಾಡಬಹುದು.

ಓದುವ, ಉಳಿಸುವ ಕೆಲಸ ಒಂದು ಇಂಟರ್‌ಫೇಸ್ (ಯಾವ ಕೆಲಸಗಳು ಬೇಕು ಎಂಬ ಪಟ್ಟಿ ಮಾತ್ರ) ಹಿಂದೆ ಹೋಯಿತು. ಸಾಫ್ಟ್‌ವೇರ್ ತಜ್ಞ ಆಲಿಸ್ಟರ್ ಕೋಬರ್ನ್ 2005ರಲ್ಲಿ ವಿವರಿಸಿದ ‘ಪೋರ್ಟ್ಸ್ ಅಂಡ್ ಅಡಾಪ್ಟರ್ಸ್’ ದಾರಿಯೇ ಇದು. ಏನು ಬೇಕು ಅಂತ ನಿಯಮದ ಕಡೆಯ ಕೋಡ್ ಹೇಳುತ್ತದೆ. ಅದನ್ನು ಎಲ್ಲಿಂದ, ಹೇಗೆ ತರುವುದು ಎಂಬುದು ಅಡಾಪ್ಟರ್‌ನ ಪಾಡು. ಹಾಗಾಗಿ ಆ ಇಂಟರ್‌ಫೇಸ್‌ನಲ್ಲಿ ಟೇಬಲ್ ಹೆಸರುಗಳೇ ಇಲ್ಲ.

ನಾಳೆ ಡೇಟಾಬೇಸ್ ಬದಲಾಯಿಸಲು ಸುಲಭ ಆಗುತ್ತದೆ, ಅದಕ್ಕೇ ಹೀಗೆ ಮಾಡಬೇಕು ಅಂತ ತುಂಬಾ ಜನ ಹೇಳುತ್ತಾರೆ. ನನಗೆ ಆ ಕಾರಣ ಅಷ್ಟು ಒಪ್ಪಿಗೆಯಿಲ್ಲ. ಡೇಟಾಬೇಸ್ ಬದಲಾಗುವುದು ಅಪರೂಪ. ನಿಯಮ ಬದಲಾಗುತ್ತಲೇ ಇರುತ್ತದೆ, ಅಲ್ವಾ?

ಹಾಗಂತ ಎಲ್ಲವನ್ನೂ ಹೊರಗೆ ಎಳೆಯಲಿಲ್ಲ. ಫಂಕ್ಷನ್ ‘ಸರಿ’ ಎಂದ ಮೇಲೆ, ಉಳಿಸುವ ಮುಂಚೆ, ಅದೇ ಪುಸ್ತಕವನ್ನು ಇನ್ನೊಬ್ಬರು ಕಾಯ್ದಿರಿಸಿಬಿಡಬಹುದು. ಅದನ್ನು ಆ ಫಂಕ್ಷನ್ ಒಂದೇ ತಡೆಯಲಾರದು. ಪುಸ್ತಕದ ಸಾಲಿಗೆ ಒಂದು ವರ್ಷನ್ ನಂಬರ್ ಸೇರಿಸಿದೆ. ಕಾಯ್ದಿರಿಸಿದರೂ, ಅವಧಿ ಮುಂದುವರಿಸಿದರೂ ಅದು ಏರುತ್ತದೆ. ಓದಿದಾಗ ಇದ್ದ ನಂಬರ್ ಉಳಿಸುವಾಗ ಇಲ್ಲದಿದ್ದರೆ ಟ್ರಾನ್ಸಾಕ್ಷನ್ (ಆ ಬದಲಾವಣೆಗಳ ಇಡೀ ಕಂತು) ರದ್ದು. ಹೊಸದಾಗಿ ಓದಿ ಫಂಕ್ಷನ್ನನ್ನು ಮತ್ತೆ ಕೇಳಬೇಕು. ಒಂದು ಪ್ರತಿ ಏಕಕಾಲಕ್ಕೆ ಒಬ್ಬರ ಹೆಸರಲ್ಲೇ ಇರಬೇಕೆಂಬ ಯೂನಿಕ್ ಇಂಡೆಕ್ಸ್ (ಒಂದೇ ದಾಖಲೆ ಎರಡು ಸಲ ಬರದಂತೆ ತಡೆಯುವ ಏರ್ಪಾಡು) ಕೂಡ ಡೇಟಾಬೇಸ್‌ನಲ್ಲೇ ಉಳಿಯಿತು.

ತಿಂಗಳ ವರದಿಗಳನ್ನು ಮುಟ್ಟಲಿಲ್ಲ. ರಾಶಿ ರಾಶಿ ಸಾಲುಗಳನ್ನು ಮೆಮೊರಿಗೆ ತಂದು ಸುಮ್ನೆ ಯಾಕೆ ಕೂಡಿಸಬೇಕು? ಗುಂಪು ಮಾಡಿ ಕೂಡಿಸುವ ಆ ಕೆಲಸಕ್ಕೆ ಎಸ್‌ಕ್ಯೂಎಲ್‌ನಲ್ಲೇ ‘ಗ್ರೂಪ್ ಬೈ’ ಇದೆ.